ಮೇಕಪ್ ಸ್ಪಂಜು, ತ್ರಿಕೋನದ್ದು: ಹಳೇ ಕಾಗದಕ್ಕ 5ಕ್ಕ 4

ಮಾರಿಗೆ ಫೌಂಡೇಶನ್ ಹಚ್ಚಾಕ ಇದು ಹೆಂಗೈತಿ ಅಂತ ನನ್ನ ಕೇಳಬ್ಯಾಡ್ರಿ. ವಿಜಯಪುರದ ಗಾಂಧಿ ಚೌಕ್ ಹತ್ರ ಒಂದು ಫ್ಯಾನ್ಸಿ ಸ್ಟೋರ್‌ನ್ಯಾಗ 80 ರೂಪಾಯಿ ಕೊಟ್ಟು ಪಾಕೀಟು ತಗೊಂಡಿದ್ದು ಅಜ್ಜನ ಕಾಲದ ಕಿರ್ದಿ ಬುಕ್ಕು, ಮೋಡಿ ಲಿಪಿ (ಹಿಂದ ಮರಾಠಿ ಬರೀತಿದ್ದ ಕೂಡಕ್ಷರದ ಲಿಪಿ) ಕಾಗದಪತ್ರ ಅವನ್ನ ಸ್ವಚ್ಛ ಮಾಡಾಕ. ನಗಬ್ಯಾಡ್ರಿ, ಹಳೇ ಕಾಗದ ಉಳಸೋ ಕನ್ಸರ್ವೇಟರ್‌ಗೋಳು ಖರೇನ ಇದನ್ನ ಬಳಸ್ತಾರ. ಅವ್ರ ಟೇಬಲ್ ಮ್ಯಾಲ ಭಾಳಷ್ಟು ಸಾಮಾನು ಬ್ಯಾರೆ ಧಂದೇದ್ದು, ಹಲ್ಲಿನ ಡಾಕ್ಟರ ಸಲಾಕಿ, ವಾಲ್‌ಪೇಪರ್ ಹಚ್ಚೋ ಮೀಥೈಲ್ ಸೆಲ್ಯುಲೋಸ್, ಮಳಿ ಜಾಕೀಟಿನ ಗೋರ್‌ಟೆಕ್ಸ್, ತಿನ್ನೋ ಜೆಲ್ಲಿಗೆ ಹಾಕೋ ಗೆಲ್ಲನ್ ಗಮ್, ಎಲ್ಲಾ ಐತಿ.

ನಮ್ಮ ಎರಿ ಹೊಲದ ಧೂಳು ನಿಮಗ ಗೊತ್ತಲ್ಲ, ಕಾಗದದ ಎಳಿಯೊಳಗ ಹೊಕ್ಕು ಕುಂತಿರತೈತಿ. ಒದ್ದಿ ಅರಿವಿ ಹಚ್ಚೋ ಹಂಗಿಲ್ಲ, ಯಾಕಂದ್ರ ಹಳೇ ಕಾಡಿಗಿ ಮಸಿ ಗೋಂದಿನ ಮ್ಯಾಲ ನಿಂತಿರತೈತಿ, ನೀರು ತಾಕಿದ್ರ ಅಕ್ಷರ ಹರದಾಡತಾವ. ಈ ಸ್ಪಂಜು ಒಣದ ಹಿಡಿದು ನಡುವಿಂದ ಅಂಚಿಗೆ ಒಂದ ದಿಕ್ಕಿಗೆ ಹಗೂರ ಎಳದ್ರ ಸಾಕು, ತುದಿ ಕರ್ರಗ ಆಗತೈತಿ, ಹಾಳಿ ಕೆಳಗಿನ ಬಣ್ಣ ತೋರಸ್ತೈತಿ. ಹೊಲಸಾದ ತುದಿ ಕತ್ರಿಲೇ ಕತ್ರಿಸಿ ಒಗದು ಹೊಸಾ ಮೂಲಿ ಹಿಡೀರಿ, ತೊಳದು ಬಳಸೂದು ಬ್ಯಾಡ. ರಬ್ಬರಿಗಿಂತ ಇದೇ ಚಲೋ ಅನಸ್ತು, ಅದರ ಪುಡಿ ಪುಸ್ತಕದ ಹೊಲಿಗಿಯೊಳಗ ಸಿಕ್ಕೊಂಡ್ರ ತಗ್ಯಾಕ ಸಾಕಾಗತೈತಿ. ರಬ್ಬರ್ ಬರೋದಕ್ಕ ಮೊದ್ಲು ಯುರೋಪಿನ್ಯಾಗ ಬ್ರೆಡ್ಡಿನ ತಿರುಳು ತಿಕ್ಕತಿದ್ರಂತ, ಆ ಚೂರು ಉಳದ್ರ ಹುಳಕ್ಕ ಹಬ್ಬ. ಹಂಗಂತ ನೀವು ಕಟಕ ರೊಟ್ಟಿ ತಿಕ್ಕೀರಿ ಮತ್ತ!

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ, ಹುಳ ತಿಂದ ಅಂಚಿಗೆ ಇದು ಸಿಕ್ಕೊಂಡು ಎಳೀತೈತಿ, ಅಲ್ಲೆ ಮೆತ್ತನ ಬ್ರಶ್ಶೇ ಬೇಕು. ಪೆನ್ಸಿಲ್ ಬರಹ, ಪುಡಿಪುಡಿ ಏಳೋ ಮಸಿ ಇದ್ದಲ್ಲೆ ಮುಟ್ಟಬ್ಯಾಡ್ರಿ, ಧೂಳಿನ ಜೋಡಿ ಅಕ್ಷರನೂ ಎದ್ದು ಬರತಾವ. ನೀರಿನ ಕಲಿ, ಕಂದು ಚುಕ್ಕಿ ಹೋಗಂಗಿಲ್ಲ, ಅದು ಇದರ ಕೆಲಸಾನೂ ಅಲ್ಲ.

ತಗೋಬೇಕಾದ್ರ ಬಿಳೀದು, ಪಾಕೀಟಿನ ಮ್ಯಾಲ ಲೇಟೆಕ್ಸ್ ಫ್ರೀ ಅಂತ ಇದ್ದದ್ದ ನೋಡ್ರಿ, ಲೇಟೆಕ್ಸಿನದು ಹಳೇದಾದಂಗ ಗಟ್ಟ್ಯಾಗಿ ಉದರತೈತಿ. ಗುಲಾಬಿ ಬಣ್ಣದ ತತ್ತಿ ಆಕಾರದ್ದು ಎಷ್ಟ ಚಂದ ಕಂಡ್ರೂ ಅದನ್ನ ಮನ್ಯಾಗಿನ ಹುಡುಗ್ಯಾರಿಗೇ ಬಿಡ್ರಿ.