ಒಂದು ಫೋರ್‌ಮನ್, ಹಲವು ಪಪೆಟ್ ಸರ್ವರ್: ಸಿಎ ಎಲ್ಲಿರಬೇಕು?

ಪಪೆಟ್ ಎಂಬುದು ಹಲವು ಯಂತ್ರಗಳ ಸಂರಚನೆಯನ್ನು ನಿಭಾಯಿಸುವ ತಂತ್ರಾಂಶ; ಪ್ರತಿ ಯಂತ್ರದಲ್ಲಿರುವ ಅದರ ಏಜೆಂಟ್, ಪಪೆಟ್ ಸರ್ವರ್‌ನಿಂದ ಆದೇಶ ಪಡೆಯುತ್ತದೆ. ಇವನ್ನೆಲ್ಲ ಒಂದೆಡೆಯಿಂದ ನೋಡಿಕೊಳ್ಳುವ ವೆಬ್ ಸಾಧನ ಫೋರ್‌ಮನ್. ಇವು ಪರಸ್ಪರ ಗುರುತಿಸಿಕೊಳ್ಳುವ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವುದು ಸಿಎ (ಸರ್ಟಿಫಿಕೇಟ್ ಅಥಾರಿಟಿ). ಒಂದೇ ಫೋರ್‌ಮನ್‌ನಿಂದ ಹಲವು ಪಪೆಟ್ ಸರ್ವರ್‌ಗಳನ್ನು ನಡೆಸಲು ಮೂರು ದಾರಿಗಳಿವೆ: ಪ್ರತಿ ಸರ್ವರ್‌ಗೂ ಅದರದೇ ಸಿಎ, ಎಲ್ಲಕ್ಕೂ ಸೇರಿ ಒಂದೇ ಸಿಎ, ಇಲ್ಲವೇ ಎಲ್ಲದರ ಮುಂದೆ ಹೊರೆ ಹಂಚುವ ಲೋಡ್ ಬ್ಯಾಲೆನ್ಸರ್. ಮೂರನ್ನೂ ನಡೆಸಿ ನೋಡಿದ ಮೇಲೆ ನನ್ನ ಮತ ಎರಡನೆಯದಕ್ಕೆ.

ಬುನಾದಿ ಮೂರಕ್ಕೂ ಒಂದೇ. ಪ್ರತಿ ಪಪೆಟ್ ಸರ್ವರ್‌ನಲ್ಲೂ ಸ್ಮಾರ್ಟ್ ಪ್ರಾಕ್ಸಿ (ಫೋರ್‌ಮನ್ ಪರವಾಗಿ ಅಲ್ಲಿ ಕೆಲಸ ಮಾಡುವ ಸೇವೆ) ಹಾಕಿ ಫೋರ್‌ಮನ್‌ನಲ್ಲಿ ನೋಂದಾಯಿಸಬೇಕು. ಏಜೆಂಟ್‌ನಿಂದ ಪಪೆಟ್ ಸರ್ವರ್‌ಗೆ 8140, ಫೋರ್‌ಮನ್‌ನಿಂದ ಪ್ರಾಕ್ಸಿಗೆ ಸಾಮಾನ್ಯವಾಗಿ 8443, ಪಪೆಟ್ ಸರ್ವರ್‌ನಿಂದ ಫೋರ್‌ಮನ್‌ಗೆ 443 ಪೋರ್ಟ್ ತೆರೆದಿರಬೇಕು. ಈ ಕೊನೆಯದು ಮುಚ್ಚಿದ್ದರೂ ತಕ್ಷಣ ಗೊತ್ತಾಗುವುದಿಲ್ಲ. ಯಾವ ಯಂತ್ರಕ್ಕೆ ಏನು ಬೇಕೆಂದು ಪಪೆಟ್ ಸರ್ವರ್ ಪರವಾಗಿ ಫೋರ್‌ಮನ್ ಅನ್ನು ಕೇಳುವ ಇಎನ್‌ಸಿ ಸ್ಕ್ರಿಪ್ಟ್‌ಗೆ ಫೋರ್‌ಮನ್ ಸಿಗದಿದ್ದಾಗ ಅದು ಹಳೆಯ ಯಂತ್ರಗಳಿಗೆ ತನ್ನ ಕ್ಯಾಶ್‌ನಿಂದ ಉತ್ತರ ಕೊಡುತ್ತದೆ. ಹೊಸ ಯಂತ್ರ ಸೇರಿಸಿದ ದಿನವೇ ಗುಟ್ಟು ಬಯಲಾಗುವುದು.

ಪ್ರತ್ಯೇಕ ಸಿಎ ಹಾಕುವುದು ಎಲ್ಲಕ್ಕಿಂತ ಸುಲಭ. ಪಪೆಟ್ ಸರ್ವರ್ ಮೊದಲ ಸಲ ಶುರುವಾದಾಗ ತಾನೇ ಸಿಎ ಮಾಡಿಕೊಳ್ಳುತ್ತದೆ. ಕೇಂದ್ರದ ಸಂಪರ್ಕ ತಪ್ಪಿದರೂ ಆ ಜಾಗದಲ್ಲಿ ಹೊಸ ಸರ್ಟಿಫಿಕೇಟ್‌ಗೆ ಸಹಿ ಬೀಳುತ್ತದೆ. ಕಷ್ಟ ಬರುವುದು ಫೋರ್‌ಮನ್ ಬದಿಯಲ್ಲಿ: ಎರಡನೇ ಸಿಎ ಸಹಿ ಮಾಡಿದ ಸರ್ಟಿಫಿಕೇಟ್ ಅನ್ನು ಅದು ನಂಬುವುದಿಲ್ಲ. ಪರಿಹಾರವಿದೆ. ಪ್ರಾಕ್ಸಿಗೂ ಇಎನ್‌ಸಿ ಸ್ಕ್ರಿಪ್ಟ್‌ಗೂ ಫೋರ್‌ಮನ್‌ನ ಸಿಎಯಿಂದ ಬೇರೆ ಸರ್ಟಿಫಿಕೇಟ್ ಮಾಡಿಸಿ, ಅವುಗಳ ಸೆಟ್ಟಿಂಗ್ಸ್ ಕಡತಗಳಲ್ಲಿ ಆ ಸರ್ಟಿಫಿಕೇಟ್, ಕೀಲಿ, ಸಿಎ ಮೂರರ ಪಥವನ್ನೂ ಬದಲಿಸಿ. ಆದರೆ ಏಜೆಂಟನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಪ್ರತಿ ಸಲವೂ ಅದರ ಎಸ್‌ಎಸ್‌ಎಲ್ ಡೈರೆಕ್ಟರಿ ಅಳಿಸಿ ಹೊಸದಾಗಿ ಸಹಿ ಮಾಡಿಸಲೇಬೇಕು. ಒಂದಕ್ಕೊಂದು ತಾಗದ ನೆಟ್‌ವರ್ಕ್‌ಗಳಿದ್ದರೆ ಮಾತ್ರ ಈ ದಾರಿ ಸರಿ.

ಒಂದೇ ಸಿಎ ಇಟ್ಟುಕೊಂಡರೆ ಆ ಸಾಗಾಟದ ತಲೆನೋವು ಇರುವುದಿಲ್ಲ. ಫೋರ್‌ಮನ್‌ನ ಹೋಸ್ಟ್‌ಗ್ರೂಪ್‌ನಲ್ಲಿ (ಯಂತ್ರಗಳ ಗುಂಪಿನಲ್ಲಿ) ಪಪೆಟ್ ಪ್ರಾಕ್ಸಿ ಎಂದು ಹತ್ತಿರದ ಸರ್ವರನ್ನೂ, ಪಪೆಟ್ ಸಿಎ ಪ್ರಾಕ್ಸಿ ಎಂದು ಕೇಂದ್ರದ್ದನ್ನೂ ಆರಿಸಿ. ಏಜೆಂಟ್‌ನ ಸಂರಚನೆಯಲ್ಲಿ ಸಿಎ ಸರ್ವರ್ ಹೆಸರು ಬೇರೆಯಾಗಿಯೇ ಇರಲಿ. ಕೆಲಸದ ಕ್ರಮ ಮುಖ್ಯ: ಉಳಿದ ಸರ್ವರ್‌ಗಳಲ್ಲಿ ಪಪೆಟ್ ಸರ್ವರ್ ಶುರು ಮಾಡುವ ಮೊದಲೇ ಸಿಎ ಸೇವೆಯನ್ನು ನಿಲ್ಲಿಸಿ, ಕೇಂದ್ರದಿಂದ ಸರ್ಟಿಫಿಕೇಟ್ ಪಡೆಯಿರಿ. ಇಲ್ಲದಿದ್ದರೆ ಅದು ತನ್ನದೇ ಸಿಎ ಹುಟ್ಟಿಸಿಕೊಂಡು, ಮುಂದೆ ಏಜೆಂಟ್‌ಗಳೆಲ್ಲ ಸರ್ಟಿಫಿಕೇಟ್ ತಾಳೆಯಾಗುತ್ತಿಲ್ಲ ಎಂದು ದೂರುತ್ತವೆ.

ಇಲ್ಲೂ ಎರಡು ವಿಷಯಕ್ಕೆ ಎಚ್ಚರ ಬೇಕು. ಫೋರ್‌ಮನ್‌ನಲ್ಲಿ ಪಪೆಟ್ ಪ್ರಾಕ್ಸಿ ಬದಲಿಸಿದ ಮಾತ್ರಕ್ಕೆ ಈಗಾಗಲೇ ಓಡುತ್ತಿರುವ ಏಜೆಂಟ್ ಬೇರೆ ಸರ್ವರ್‌ಗೆ ಹೋಗುವುದಿಲ್ಲ. ಆ ಮೌಲ್ಯ ಹೊಸ ಯಂತ್ರವನ್ನು ಸಜ್ಜುಗೊಳಿಸುವ ಪ್ರಾವಿಷನಿಂಗ್ ಟೆಂಪ್ಲೇಟ್‌ಗೆ ಸಿಗುತ್ತದೆಯಷ್ಟೇ. ಯಂತ್ರದೊಳಗಿನ ಪಪೆಟ್ ಸಂರಚನೆಯನ್ನು ನೀವೇ, ಅಥವಾ ಅದನ್ನು ನೋಡಿಕೊಳ್ಳುವ ಮಾಡ್ಯೂಲ್, ಬದಲಿಸಬೇಕು. ಇನ್ನೊಂದು, ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಯಾದ ಸಿಆರ್‌ಎಲ್. ಕೇಂದ್ರದಲ್ಲಿ ರದ್ದಾದ ಸರ್ಟಿಫಿಕೇಟ್ ಅನ್ನು ಹಳೆಯ ಸಿಆರ್‌ಎಲ್ ಹಿಡಿದುಕೊಂಡ ದೂರದ ಸರ್ವರ್ ಇನ್ನೂ ಒಪ್ಪುತ್ತಲೇ ಇರುತ್ತದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಗಂಟೆಗೊಮ್ಮೆ ಆ ಕಡತ ನಕಲಿಸಿ, ಬದಲಾಗಿದ್ದರೆ ಸರ್ವರ್ ರೀಲೋಡ್ ಮಾಡಿಸುವುದನ್ನು ಮೊದಲ ದಿನವೇ ಕಟ್ಟಿಡಿ. ಸಿಎ ಯಂತ್ರ ಕೆಟ್ಟರೆ ಎಲ್ಲವೂ ನಿಂತುಹೋಗುತ್ತದೆಂಬ ಭಯ ಬೇಡ. ಹಳೆಯ ಏಜೆಂಟ್‌ಗಳು 30 ನಿಮಿಷಕ್ಕೊಮ್ಮೆ ಎಂದಿನಂತೆ ಓಡುತ್ತವೆ, ಹೊಸ ಸಹಿ ಮಾತ್ರ ಕಾಯುತ್ತದೆ.

ಬ್ಯಾಲೆನ್ಸರ್ ಬೇಕಾಗುವುದು ಒಂದೇ ಜಾಗದ ಹೊರೆಯನ್ನು ಒಂದು ಸರ್ವರ್ ತಾಳದಿದ್ದಾಗ. ಹೆಚ್‌ಎ ಪ್ರಾಕ್ಸಿ ಎಂಬ ಬ್ಯಾಲೆನ್ಸರನ್ನು ಟಿಸಿಪಿ ಮೋಡ್‌ನಲ್ಲಿಟ್ಟು 8140 ಅನ್ನು ಹಾಗೆಯೇ ದಾಟಿಸಿ, ಟಿಎಲ್‌ಎಸ್ ಗೂಢಲಿಪಿಯನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ಹಂಚಿಕೊಂಡ ಹೆಸರು ಪ್ರತಿ ಸರ್ವರ್‌ನ ಸರ್ಟಿಫಿಕೇಟ್‌ನಲ್ಲೂ ಪರ್ಯಾಯ ಹೆಸರಾಗಿ ಇರಬೇಕು. ಪಪೆಟ್ ಸರ್ವರ್ 6ರಿಂದೀಚೆಗೆ, ಸಿಎ ಸಂರಚನೆಯಲ್ಲಿ ಅನುಮತಿ ಕೊಡದೆ ಅಂಥ ಕೋರಿಕೆಗೆ ಸಹಿ ಬೀಳುವುದಿಲ್ಲ. ಕೋಡ್ ಒಂದು ಸರ್ವರ್‌ಗೆ ಬಂದು ಇನ್ನೊಂದಕ್ಕೆ ಬರುವುದರೊಳಗೆ ಏಜೆಂಟ್ ಓಡಿದರೆ ಕ್ಯಾಟಲಾಗ್ (ಯಂತ್ರ ಹೇಗಿರಬೇಕೆಂಬ ಪಟ್ಟಿ) ಒಂದರಿಂದ, ಕಡತ ಇನ್ನೊಂದರಿಂದ ಬರಬಹುದು. ಹಾಗಾಗಿ ಮೂಲ ಐಪಿ ಆಧರಿಸಿ ಒಂದೇ ಸರ್ವರ್‌ಗೆ ಕಳಿಸುವ ಸೆಟ್ಟಿಂಗ್ ಹಾಕಿ.

ಯಾವ ದಾರಿ ಹಿಡಿದರೂ, ಕ್ಲಾಸ್ ಇಂಪೋರ್ಟ್ (ಪಪೆಟ್ ಕೋಡ್‌ನ ಕ್ಲಾಸ್‌ಗಳನ್ನು ಫೋರ್‌ಮನ್‌ಗೆ ತರುವುದು) ಮಾಡುವಾಗ ಕಣ್ಣಿಟ್ಟು ನೋಡಿ. ಆಯ್ದ ಪ್ರಾಕ್ಸಿಯಲ್ಲಿ ಇಲ್ಲದ ಎನ್ವಿರಾನ್‌ಮೆಂಟ್‌ಗಳನ್ನು (ಪಪೆಟ್ ಕೋಡ್‌ನ ಪ್ರತ್ಯೇಕ ಕಂತೆಗಳನ್ನು) ಅಳಿಸೋಣವೇ ಎಂದು ಫೋರ್‌ಮನ್ ಕೇಳುತ್ತದೆ. ಸುಮ್ಮನೆ ಒಪ್ಪಿದರೆ ಇನ್ನೊಂದು ಸರ್ವರ್‌ಗಾಗಿ ಕೂಡಿಸಿಟ್ಟ ಪ್ಯಾರಾಮೀಟರ್‌ಗಳೂ ಹೋಗುತ್ತವೆ. ಎಲ್ಲ ಸರ್ವರ್‌ಗಳಿಗೂ ಒಂದೇ ಗಿಟ್ ಭಂಡಾರದಿಂದ ಆರ್‌10ಕೆ ಎಂಬ ಸಾಧನದ ಮೂಲಕ ಕೋಡ್ ಇಳಿಸಿ, ಇಂಪೋರ್ಟನ್ನು ಒಂದೇ ಪ್ರಾಕ್ಸಿಯಿಂದ ಮಾಡಿ.