ಗೇಮಿಂಗ್‌ಗೂ ಕೋಡಿಂಗ್‌ಗೂ ಒಂದೇ ಪಿಸಿ: 7800ಎಕ್ಸ್3ಡಿ ತಗೋಬೇಕಾ, 7900ಎಕ್ಸ್ ತಗೋಬೇಕಾ?

ಬರೀ ಗೇಮ್ ಆಡೋಕೆ ಪಿಸಿ ಕಟ್ಟುವವರಿಗೆ ಪ್ರೊಸೆಸರ್ ಆರಿಸುವುದು ದೊಡ್ಡ ಕಷ್ಟವಲ್ಲ. ಬರೀ ಕೋಡ್ ಬರೆಯುವವರಿಗೂ ಅಷ್ಟೇ. ಎರಡೂ ಒಂದೇ ಪಿಸಿಯಲ್ಲಿ ಆಗಬೇಕು ಅಂದಾಗಲೇ ತಲೆಬಿಸಿ ಶುರು. ಎಎಂಡಿ ಕಂಪನಿಯ ರೈಜೆನ್ 7 7800ಎಕ್ಸ್3ಡಿ ಮತ್ತು ರೈಜೆನ್ 9 7900ಎಕ್ಸ್ ಎದುರುಬದುರು ನಿಲ್ಲುವುದು ಇಲ್ಲೇ. ಎರಡೂ ಎಎಂ5 ಸಾಕೆಟ್‌ನಲ್ಲೇ (ಬೋರ್ಡಿನ ಮೇಲೆ ಪ್ರೊಸೆಸರ್‌ಗೆ ಇರುವ ಜಾಗ) ಕೂರುತ್ತವೆ. ಹಾಗಾಗಿ ನಾನೂ ನನ್ನ ಗೆಳೆಯನೂ ಚಿಪ್‌ಗಳನ್ನು ಅದಲುಬದಲು ಮಾಡಿಕೊಂಡೆವು. ಬೋರ್ಡು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಯಾವುದನ್ನೂ ಮುಟ್ಟದೆ ಎರಡನ್ನೂ ಸಾಕಷ್ಟು ದಿನ ಬಳಸಿದೆವು.

ಮೊದಲು ಚಿಪ್ ಒಳಗೆ ಏನಿದೆ ನೋಡೋಣ. 7800ಎಕ್ಸ್3ಡಿಯಲ್ಲಿ 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), 96 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ). 7900ಎಕ್ಸ್‌ನಲ್ಲಿ 12 ಕೋರ್, 24 ಥ್ರೆಡ್, 64 ಎಂಬಿ ಕ್ಯಾಶ್. ಆದರೆ ಈ 64 ಎಂಬಿ ಒಂದೇ ಕಡೆ ಇಲ್ಲ. ಆರಾರು ಕೋರ್‌ಗಳ ಎರಡು ತುಂಡುಗಳಿವೆ, ಒಂದೊಂದಕ್ಕೆ 32 ಎಂಬಿ. ಗೇಮ್ ಒಂದು ತುಂಡಿನಲ್ಲಿ ಓಡುತ್ತಿದ್ದರೆ ಅದರ ಕೈಗೆ ಹತ್ತಿರ ಸಿಗುವುದು ಆ 32 ಎಂಬಿ ಮಾತ್ರ. ಅಂದ್ರೆ ಗೇಮ್ ಮಟ್ಟಿಗೆ ನಿಜವಾದ ಹೋಲಿಕೆ 96ಕ್ಕೂ 64ಕ್ಕೂ ಅಲ್ಲ, 96ಕ್ಕೂ 32ಕ್ಕೂ.

ಇದರ ಪರಿಣಾಮ ಎಲ್ಲ ಗೇಮ್‌ನಲ್ಲೂ ಒಂದೇ ತರ ಕಾಣುವುದಿಲ್ಲ. ಫ್ಲೈಟ್ ಸಿಮ್ಯುಲೇಟರ್, ನಗರ ಕಟ್ಟುವ ಆಟ, ಫ್ಯಾಕ್ಟರಿ ಕಟ್ಟುವ ಆಟ, ಇಂಥವುಗಳಲ್ಲಿ ಎಕ್ಸ್3ಡಿ ಚಿಪ್ ಸ್ಪಷ್ಟವಾಗಿ ಮುಂದಿದೆ. ನಗರ ಚಿಕ್ಕದಿದ್ದಾಗ ಎರಡೂ ಸರಾಗ. ನಗರ ಬೆಳೆದು ಸಾವಿರಾರು ಗಾಡಿಗಳು ರಸ್ತೆಗೆ ಇಳಿದ ಮೇಲೆ 7900ಎಕ್ಸ್‌ನಲ್ಲಿ ಕ್ಯಾಮೆರಾ ತಿರುಗಿಸಿದರೆ ಸಣ್ಣ ಸಣ್ಣ ತಡವರಿಕೆ ಕಣ್ಣಿಗೆ ಬೀಳುತ್ತಿತ್ತು. ಅದೇ ಸೇವ್ ಫೈಲ್, ಅದೇ ಜಾಗ, ಎಕ್ಸ್3ಡಿಯಲ್ಲಿ ಆ ತಡವರಿಕೆ ಬಹುಪಾಲು ಇರಲಿಲ್ಲ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ನೋಡಿದರೆ ಈ ವ್ಯತ್ಯಾಸ ಪೂರ್ತಿ ಗೊತ್ತಾಗಲ್ಲ. ಅದಕ್ಕೇ ರಿವ್ಯೂ ಓದುವಾಗ 1% ಲೋ ಅಂಕಿಯನ್ನೇ (ತೀರಾ ನಿಧಾನವಾದ 1% ಕ್ಷಣಗಳ ಎಫ್‌ಪಿಎಸ್) ಮೊದಲು ನೋಡಿ.

ಆದರೆ 1440ಪಿ ಪರದೆಯಲ್ಲಿ, ಸೆಟ್ಟಿಂಗ್ ಎಲ್ಲ ಮೇಲಿಟ್ಟು, ಕಥೆ ಇರುವ ದೊಡ್ಡ ಗೇಮ್‌ಗಳನ್ನು ಆಡಿದಾಗ ನನಗೆ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕಾರಣ ಸರಳ. ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತಿರುತ್ತದೆ, ಪ್ರೊಸೆಸರ್ ಅದಕ್ಕಾಗಿ ಕಾಯುತ್ತಿರುತ್ತದೆ. ಬೆಂಚ್‌ಮಾರ್ಕ್ ಮಾಡುವವರು 1080ಪಿಯಲ್ಲಿ, ಇರುವುದರಲ್ಲೇ ವೇಗದ ಕಾರ್ಡ್ ಹಾಕಿ ಅಳೆಯುತ್ತಾರೆ. ಚಿಪ್‌ಗಳ ನಡುವಿನ ವ್ಯತ್ಯಾಸ ಕಾಣಬೇಕಾದರೆ ಹಾಗೆ ಅಳೆಯುವುದೇ ಸರಿ. ಆದರೆ ನಿಮ್ಮ ಮನೆಯಲ್ಲಿ ಮಧ್ಯಮ ದರ್ಜೆಯ ಕಾರ್ಡ್ ಇದ್ದರೆ ಆ ಅಂತರ ನಿಮಗೆ ಸಿಗಲ್ಲ ಅಲ್ವಾ?

ಈಗ ಕೋಡ್ ವಿಷಯ. ದೊಡ್ಡದೊಂದು ಸಿ++ ಪ್ರಾಜೆಕ್ಟನ್ನು ಮೊದಲಿಂದ ಬಿಲ್ಡ್ ಮಾಡಿದರೆ (ಅಂದ್ರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಿದರೆ) 7900ಎಕ್ಸ್ ಸುಮಾರು ಕಾಲು ಭಾಗ ಸಮಯ ಉಳಿಸಿತು. ಎಚ್‌ಟಾಪ್ (ಪ್ರತಿ ಥ್ರೆಡ್ ಎಷ್ಟು ದುಡಿಯುತ್ತಿದೆ ಅಂತ ಪಟ್ಟಿಗಳಲ್ಲಿ ತೋರಿಸುವ ಪ್ರೋಗ್ರಾಂ) ತೆರೆದಿಟ್ಟು ನೋಡಿ, ಪಾಠ ಅಲ್ಲೇ ಇದೆ. ಕಂಪೈಲ್ ಆಗುವಾಗ 24 ಪಟ್ಟಿಗಳೂ ತುಂಬಿ ನಿಲ್ಲುತ್ತವೆ. ಕಂಪೈಲ್ ಆದ ತುಣುಕುಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವ ಕೊನೆಯ ಲಿಂಕ್ ಹಂತಕ್ಕೆ ಬಂದ ಕೂಡಲೇ ಒಂದು ಪಟ್ಟಿ ಮಾತ್ರ ಉಳಿದು ಮಿಕ್ಕವೆಲ್ಲ ಖಾಲಿ. ಹಳೇ ಲಿಂಕರ್ ಬಳಸುವವರಿಗೆ 12 ಕೋರ್ ಇದ್ದರೂ ಆ ಹಂತದಲ್ಲಿ ಲಾಭವಿಲ್ಲ. ಎಲ್‌ಎಲ್‌ಡಿ ಅಥವಾ ಮೋಲ್ಡ್ ಲಿಂಕರ್‌ಗೆ ಬದಲಾಯಿಸಿದರೆ ಆ ಹಂತವೂ ಹಲವು ಕೋರ್‌ಗಳಿಗೆ ಹಂಚಿಹೋಗುತ್ತದೆ. ಚಿಪ್ ಬದಲಿಸುವ ಮೊದಲು ಇದನ್ನು ಮಾಡಿ, ಖರ್ಚಿಲ್ಲ.

ದಿನವಿಡೀ ನಾವು ಮಾಡುವುದು ಒಂದು ಫೈಲ್ ತಿದ್ದಿ ಮತ್ತೆ ಬಿಲ್ಡ್ ಮಾಡುವ ಕೆಲಸ. ಅದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. 7900ಎಕ್ಸ್ ಗೆದ್ದದ್ದು ಬೇರೆ ಕಡೆ. ಹಿಂದೆ ಎರಡು ವರ್ಚುವಲ್ ಮೆಷಿನ್, ಕೆಲವು ಕಂಟೇನರ್, ಟೆಸ್ಟ್ ಸೂಟ್ ಓಡುತ್ತಿದ್ದರೂ ಎಡಿಟರ್ ತಡಮಾಡದೆ ಸ್ಪಂದಿಸುತ್ತಿತ್ತು. 8 ಕೋರ್‌ನಲ್ಲಿ ಅಷ್ಟೇ ಭಾರ ಹೇರಿದಾಗ ಟೈಪ್ ಮಾಡಿದ ಅಕ್ಷರ ಒಮ್ಮೊಮ್ಮೆ ತಡವಾಗಿ ಮೂಡುತ್ತಿತ್ತು. ದಿನಪೂರ್ತಿ ಕೂತು ಕೆಲಸ ಮಾಡುವವರಿಗೆ ಇದು ಚಿಕ್ಕ ವಿಷಯವಲ್ಲ.

ಬಿಸಿಯ ಲೆಕ್ಕದಲ್ಲಿ ಎಕ್ಸ್3ಡಿ ಸಾಧು. 7900ಎಕ್ಸ್‌ನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಬಿಸಿಯ ಅಂದಾಜು) 170 ವ್ಯಾಟ್. ಎಲ್ಲ ಕೋರ್‌ಗೂ ಕೆಲಸ ಕೊಟ್ಟರೆ 95 ಡಿಗ್ರಿ ತನಕ ಹೋಗಿ ಅಲ್ಲೇ ನಿಲ್ಲುವಂತೆ ಅದನ್ನು ಮಾಡಿದ್ದಾರೆ. ಹಾಳಾಗಲ್ಲ, ಆದರೆ ಫ್ಯಾನ್ ಸದ್ದು ಜೋರು. ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿ 105 ವ್ಯಾಟ್ ದರ್ಜೆಗೆ ಇಳಿಸಿದೆ. ಬಿಸಿ, ಸದ್ದು ಎರಡೂ ಇಳಿದವು. ಬಿಲ್ಡ್ ಸಮಯ ಏರಿದ್ದು ಸ್ವಲ್ಪವೇ. ಈ ಚಿಪ್ ತಗೊಂಡವರು ಮೊದಲ ದಿನವೇ ಈ ಸೆಟ್ಟಿಂಗ್ ಹಾಕಿಕೊಳ್ಳಿ ಅಂತ ಒತ್ತಾಯ ಮಾಡಿಯೇ ಹೇಳುತ್ತೇನೆ.

ಗೆಳೆಯ ಸಿಮ್ಯುಲೇಟರ್ ಪ್ರಿಯ, ಎಕ್ಸ್3ಡಿ ಇಟ್ಟುಕೊಂಡ. ನಾನು 7900ಎಕ್ಸ್ ಇಟ್ಟುಕೊಂಡೆ. ನನ್ನ ಗೇಮ್‌ಗಳಲ್ಲಿ ಕಾರ್ಡೇ ಮಿತಿ, ನನ್ನ ಕೆಲಸದಲ್ಲಿ ಕೋರ್‌ಗಳೇ ಮಿತಿ.

ಇಂಟೆಲ್ ಏಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಐ7-14700ಕೆ ಚಿಪ್‌ನಲ್ಲಿ 20 ಕೋರ್‌ಗಳಿವೆ, ಬಿಲ್ಡ್ ಕೆಲಸಕ್ಕೆ ಅದು ನಿಜಕ್ಕೂ ಗಟ್ಟಿಗ. ಆದರೆ ಅದರ ಗರಿಷ್ಠ ಟರ್ಬೊ ವಿದ್ಯುತ್ ಬಳಕೆ 253 ವ್ಯಾಟ್, ಮತ್ತು 14ನೇ ಪೀಳಿಗೆಗೇ ಆ ಸಾಕೆಟ್‌ನ ಕಥೆ ಮುಗಿಯಿತು. 13, 14ನೇ ಪೀಳಿಗೆಯ ಚಿಪ್‌ಗಳ ವೋಲ್ಟೇಜ್ ಸಮಸ್ಯೆಗೆ 2024ರ ಆಗಸ್ಟ್‌ನಿಂದ ಮೈಕ್ರೋಕೋಡ್ (ಚಿಪ್ ಒಳಗಿನ ನಿಯಂತ್ರಣ ಕೋಡ್) ತಿದ್ದುಪಡಿಗಳು ಬಂದವು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿದರು. ಈಗಾಗಲೇ ಇದ್ದವರು ಬಯೋಸ್ ಅಪ್‌ಡೇಟ್ ಮಾಡಿ ನೆಮ್ಮದಿಯಾಗಿ ಬಳಸಬಹುದು. ಹೊಸದಾಗಿ ಕಟ್ಟುವವರಿಗೆ ಎಎಂ5 ಮೇಲು. 2024ರಲ್ಲಿ ಬಂದ ರೈಜೆನ್ 9000 ಸರಣಿಯೂ ಅದೇ ಬೋರ್ಡಿನಲ್ಲಿ ಕೂರುತ್ತದೆ, ಬಯೋಸ್ ಹೊಸದಿದ್ದರೆ ಸಾಕು.

ಇಷ್ಟೆಲ್ಲ ಹೇಳಿದರೂ, ನನ್ನ ಕೆಲಸಕ್ಕೆ ಪ್ರೊಸೆಸರ್‌ಗಿಂತ ಜಾಸ್ತಿ ಬದಲಾವಣೆ ತಂದದ್ದು ರ‍್ಯಾಮ್. 32 ಜಿಬಿ ಇದ್ದಾಗ ಡೀಬಗ್ ಬಿಲ್ಡ್‌ನಲ್ಲಿ ಹಲವು ಲಿಂಕ್ ಕೆಲಸಗಳು ಒಟ್ಟಿಗೆ ಶುರುವಾದರೆ ಮೆಮೊರಿ ತುಂಬಿ ಸ್ವಾಪ್‌ಗೆ (ರ‍್ಯಾಮ್ ಬದಲು ನಿಧಾನದ ಡಿಸ್ಕ್ ಬಳಸುವುದು) ಇಳಿಯುತ್ತಿತ್ತು. ಆಮೇಲೆ ಎಷ್ಟು ಕೋರ್ ಇದ್ದರೇನು, ಮೌಸ್ ಕೂಡ ಅಲ್ಲಾಡಲ್ಲ. 64 ಜಿಬಿಗೆ ಹೋದ ಮೇಲೆ ಆ ಕಾಟ ನಿಂತಿತು. ಬರೀ ಗೇಮ್‌ಗೆ 32 ಧಾರಾಳ.

ಆದರೆ ಆ 64 ಜಿಬಿಯನ್ನು ಹೇಗೆ ಹಾಕುತ್ತೀರಿ ಅನ್ನುವುದು ಮುಖ್ಯ. 16ರ ನಾಲ್ಕು ಕಡ್ಡಿ ಹಾಕಿಯೂ ನೋಡಿದೆ, 32ರ ಎರಡು ಕಡ್ಡಿ ಹಾಕಿಯೂ ನೋಡಿದೆ. ರೈಜೆನ್ 7000 ಸರಣಿಯಲ್ಲಿ ಎರಡು ಕಡ್ಡಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಸೆಕೆಂಡಿಗೆ 5200 ಮೆಗಾಟ್ರಾನ್ಸ್‌ಫರ್, ನಾಲ್ಕಕ್ಕೆ ಬರೀ 3600. ಎರಡು ಕಡ್ಡಿಯಲ್ಲಿ ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸುವ ಬಯೋಸ್ ಸೆಟ್ಟಿಂಗ್) ಹಾಕಿ 6000ದಲ್ಲಿ ತಕರಾರಿಲ್ಲದೆ ಓಡಿತು. ನಾಲ್ಕರಲ್ಲಿ ಅದೇ ವೇಗಕ್ಕೆ ಪಿಸಿ ಬೂಟೇ ಆಗಲಿಲ್ಲ. ಇನ್ನೊಂದು ಮಾತು. ಹೊಸ ಡಿಡಿಆರ್5 ಕಡ್ಡಿ ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇರುತ್ತದೆ, ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ದೀಪ ಮಾತ್ರ ಉರಿಯುತ್ತಿರುತ್ತದೆ. ಹೀಗೆ ಕೆಲವು ನಿಮಿಷ ಇರಬಹುದು. ಅದು ಮೆಮೊರಿ ಟ್ರೇನಿಂಗ್. ಗಾಬರಿಯಾಗಿ ಪವರ್ ತೆಗೆಯಬೇಡಿ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4070 ಸೂಪರ್ ಮತ್ತು ಎಎಂಡಿ ಆರ್‌ಎಕ್ಸ್ 7800 ಎಕ್ಸ್‌ಟಿ ಎರಡನ್ನೂ ಬಳಸಿದ್ದೇನೆ. ಲಿನಕ್ಸ್‌ನಲ್ಲಿ ಎಎಂಡಿ ಕಾರ್ಡ್ ಹಾಕಿದರೆ ಮುಗಿಯಿತು, ಡ್ರೈವರ್ ಕರ್ನಲ್‌ನಲ್ಲೇ ಇದೆ. ಮೆಮೊರಿಯೂ 16 ಜಿಬಿ. ಎನ್‌ವಿಡಿಯಾದಲ್ಲಿ 12 ಜಿಬಿ, ಕರ್ನಲ್ ಬದಲಾದಾಗ ಡ್ರೈವರ್ ಕಡೆ ಒಂದು ಕಣ್ಣಿಡಬೇಕು. ಆದರೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ತೋರಿಸುವುದು) ಅದರಲ್ಲೇ ಚೆಂದ, ಚಿಕ್ಕ ಚಿತ್ರವನ್ನು ದೊಡ್ಡದಾಗಿಸುವ ಅದರ ಡಿಎಲ್‌ಎಸ್‌ಎಸ್ ಕೊಡುವ ಚಿತ್ರ ಎಎಂಡಿಯ ಎಫ್‌ಎಸ್‌ಆರ್ 3ಕ್ಕಿಂತ ಸ್ಥಿರ, ವಿದ್ಯುತ್ತೂ ಕಡಿಮೆ: 220 ವ್ಯಾಟ್, ಎದುರಿಗೆ 263. ಮುಖ್ಯವಾಗಿ ಕುಡಾ, ಅಂದ್ರೆ ಕಾರ್ಡ್‌ನಲ್ಲಿ ಲೆಕ್ಕದ ಕೆಲಸ ಓಡಿಸಲು ಎನ್‌ವಿಡಿಯಾ ಕೊಡುವ ಸಾಫ್ಟ್‌ವೇರ್. ಮಷೀನ್ ಲರ್ನಿಂಗ್ ಕೋಡ್ ಮುಟ್ಟುವವರಿಗೆ ಕುಡಾ ಇಲ್ಲದ ಕಾರ್ಡ್ ತಗೊಳ್ಳಿ ಅಂತ ಹೇಳಲು ನನಗೆ ಮನಸ್ಸು ಬರಲ್ಲ. ಎಎಂಡಿಯ ಪರ್ಯಾಯ ಆರ್‌ಒಸಿಎಂ ಸುಧಾರಿಸಿದೆ, ಆದರೂ ಯಾರದೋ ಪ್ರಾಜೆಕ್ಟ್ ಇಳಿಸಿಕೊಂಡು ಓಡಿಸಲು ಕೂತರೆ ಕುಡಾದಲ್ಲಿ ಸುಮ್ನೆ ಓಡುವುದು ಇಲ್ಲಿ ಒಂದಿಷ್ಟು ಹೊತ್ತು ಬೇಡುತ್ತದೆ. ವೆಬ್, ಸರ್ವರ್ ಕೆಲಸ ಮಾತ್ರ ಮಾಡುವ ಲಿನಕ್ಸ್ ಬಳಕೆದಾರರು 7800 ಎಕ್ಸ್‌ಟಿ ಕಣ್ಣುಮುಚ್ಚಿ ತಗೊಳ್ಳಬಹುದು.

ಎಸ್‌ಎಸ್‌ಡಿಯಲ್ಲಿ ಜೆನ್ 5 (ಪಿಸಿಐಇಯ ಐದನೇ ಪೀಳಿಗೆ) ಆಸೆ ಬಿಡಿ. ಕೋಡ್ ಬಿಲ್ಡ್ ಅಂದ್ರೆ ಸಾವಿರಾರು ಚಿಕ್ಕ ಫೈಲ್ ಓದುವ ಕೆಲಸ. ಡಬ್ಬಿ ಮೇಲೆ ಬರೆದ ವೇಗ ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನದು. ಗೇಮ್ ಲೋಡ್ ಆಗುವುದರಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ. ಟಿಎಲ್‌ಸಿ (ಒಂದು ಮೆಮೊರಿ ಕೋಶದಲ್ಲಿ 3 ಬಿಟ್ ಇಡುವ ಬಗೆ) ಇರುವ, ಡಿರ‍್ಯಾಮ್ ಕ್ಯಾಶ್ ಇರುವ ಜೆನ್ 4 ಡ್ರೈವ್ ಸಾಕು. ಕ್ಯೂಎಲ್‌ಸಿ (ಒಂದು ಕೋಶದಲ್ಲಿ 4 ಬಿಟ್) ಡ್ರೈವ್‌ಗೆ ವರ್ಚುವಲ್ ಮೆಷಿನ್‌ನ ಡಿಸ್ಕ್ ಫೈಲ್ ಕಾಪಿ ಮಾಡಿದಾಗ ಶುರುವಿನಲ್ಲಿ ಚುರುಕಾಗಿದ್ದು, ಕ್ಯಾಶ್ ತುಂಬಿದ ಮೇಲೆ ಹಳೇ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಕುಸಿಯಿತು. ಅಂಥದ್ದು ಕೈಯಲ್ಲಿದ್ದರೆ ಗೇಮ್‌ಗಳಿಗೆ ಮೀಸಲಿಡಿ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಅಲ್ಲಿ ಬಹುಪಾಲು ಓದುವ ಕೆಲಸವೇ.