ಜರ್ಮನ್ ಪದಗಳ ಕಲಿಕೆ: ನೋಟ್‌ಬುಕ್, ಕ್ವಿಜ್ ಆ್ಯಪ್, ಆಂಕಿ, ಕಾರ್ಡಿನ ಡಬ್ಬ

ಬೆಂಗಳೂರಿನ ಸಿಬಿಎಸ್‌ಇ ಶಾಲೆಗಳಲ್ಲಿ ಜರ್ಮನ್ ಆರಿಸಿಕೊಂಡಿರುವ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಮನೆಪಾಠ ಹೇಳುತ್ತೇನೆ. ಪದಗಳನ್ನು ನೆನಪಿನಲ್ಲಿ ಉಳಿಸುವ ನಾಲ್ಕು ಕ್ರಮಗಳನ್ನು ಇವರೊಂದಿಗೆ ಪ್ರಯೋಗಿಸಿ ನೋಡಿದ್ದೇನೆ: ನೋಟ್‌ಬುಕ್ಕಿನಲ್ಲಿ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಜರ್ಮನ್ ಇರುವ ಎರಡು ಉದ್ದಸಾಲಿನ ಪಟ್ಟಿ, ಫೋನಿನ ಕ್ವಿಜ್ ಆ್ಯಪ್‌ಗಳು, ಕಾರ್ಡುಗಳನ್ನು ಪರದೆಯ ಮೇಲೆ ತೋರಿಸಿ ಕೇಳುವ ಆಂಕಿ ತಂತ್ರಾಂಶ, ಮತ್ತು ಕಾಗದದ ಕಾರ್ಡುಗಳ ಡಬ್ಬ. ಯಾವುದು ಮೇಲೆಂದು ಪೋಷಕರು ಪದೇ ಪದೇ ಕೇಳುವುದರಿಂದ ನನ್ನ ಅಭಿಪ್ರಾಯವನ್ನು ಕಾರಣಸಹಿತ ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಸುವ ಮೊದಲು ಅಳತೆಗೋಲು ಸ್ಪಷ್ಟವಾಗಬೇಕು. ಹತ್ತನೆಯ ತರಗತಿಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ ಸೇರಿದವು. ಅಲ್ಲಿ ವಿದ್ಯಾರ್ಥಿ ಪತ್ರವನ್ನೂ ಸಂಭಾಷಣೆಯನ್ನೂ ಕೈಯಿಂದಲೇ ಬರೆಯಬೇಕು. ಆದ್ದರಿಂದ ಅರ್ಥ ಗೊತ್ತಿದ್ದರೆ ಸಾಲದು, ನಾಮಪದದ ಲಿಂಗವೂ ಬಹುವಚನವೂ ಗೊತ್ತಿರಬೇಕು. ಕನ್ನಡದ ಮಕ್ಕಳಿಗೆ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಮೇಜು, ದೀಪ, ಪುಸ್ತಕ ಮೂರೂ ನಮಗೆ ನಪುಂಸಕಲಿಂಗ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗವಾಗಿ ‘ಡೇರ್ ಟಿಶ್’, ದೀಪ ಸ್ತ್ರೀಲಿಂಗವಾಗಿ ‘ಡೀ ಲಾಂಪೆ’, ಪುಸ್ತಕ ಮಾತ್ರ ನಪುಂಸಕವಾಗಿ ‘ಡಾಸ್ ಬುಖ್’. ಮೇಜು ಪುಲ್ಲಿಂಗವೆಂದು ತಿಳಿಯದವನು, ‘ಮೇಜನ್ನು ಕೊಳ್ಳುತ್ತೇನೆ’ ಎನ್ನುವಾಗ ‘ಡೇರ್’ ಎಂಬುದು ‘ಡೇನ್’ ಆಗಬೇಕೆಂಬ ವಿಭಕ್ತಿ ನಿಯಮವನ್ನು ಎಷ್ಟು ಚೆನ್ನಾಗಿ ಕಲಿತಿದ್ದರೂ ತಪ್ಪು ಬರೆಯುತ್ತಾನೆ.

ನೋಟ್‌ಬುಕ್ಕಿನ ಪಟ್ಟಿಗೆ ಖರ್ಚಿಲ್ಲ, ಮತ್ತು ಕಾಗುಣಿತ ಕೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಒಂದೇ ಪದವನ್ನು ಹತ್ತು ಸಲ ನಕಲು ಮಾಡುವಾಗ ಉತ್ತರ ಕಣ್ಣೆದುರಿಗೇ ಇರುತ್ತದೆ. ಮನಸ್ಸು ಅದನ್ನು ಒಳಗಿನಿಂದ ಹುಡುಕಿ ತೆಗೆಯುವ ಪ್ರಮೇಯವೇ ಬರುವುದಿಲ್ಲ. 2008ರಲ್ಲಿ ಕಾರ್ಪಿಕೆ ಮತ್ತು ರೋಡಿಗರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ನೆನಪಾದ ಪದವನ್ನೂ ಮತ್ತೆ ಮತ್ತೆ ನೆನಪಿಸಿಕೊಂಡವರು ವಾರದ ನಂತರ ಸುಮಾರು ಶೇ. 80ರಷ್ಟನ್ನು ಹೇಳಿದರು, ಅಂಥ ಪದವನ್ನು ಬರೀ ಓದುತ್ತ ಹೋದವರು ಹೇಳಿದ್ದು ಶೇ. 36ರಷ್ಟನ್ನು ಮಾತ್ರ. ನೋಟ್‌ಬುಕ್ಕನ್ನೇ ಬಳಸುವುದಾದರೆ ಜರ್ಮನ್ ಉದ್ದಸಾಲನ್ನು ಸ್ಕೇಲಿನಿಂದ ಮುಚ್ಚಿ ಬರೆದು ನೋಡಿಕೊಳ್ಳಬೇಕು. ಆಗಲೂ ಒಂದು ಕೊರತೆ ಉಳಿಯುತ್ತದೆ: ಮಕ್ಕಳಿಗೆ ಪಟ್ಟಿಯ ಅನುಕ್ರಮ ಬಾಯಿಪಾಠವಾಗಿ, ಹಿಂದಿನ ಪದವೇ ಮುಂದಿನದಕ್ಕೆ ಸುಳಿವು ಕೊಡುತ್ತದೆ.

ಕ್ವಿಜ್ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಆಟ ಪದವನ್ನು ಗುರುತಿಸಲು ಕಲಿಸುತ್ತದೆ, ಬರೆಯಲು ಕಲಿಸುವುದಿಲ್ಲ. ಹೊಸ ಪಾಠದ ಮೊದಲ ಪರಿಚಯಕ್ಕೆ, ಶಾಲೆಯ ಬಸ್ಸಿನ ಹತ್ತು ನಿಮಿಷಕ್ಕೆ ಅವು ಸಾಕು.

ನಿಜವಾದ ಪೈಪೋಟಿ ಆಂಕಿ ಮತ್ತು ಕಾರ್ಡಿನ ಡಬ್ಬಗಳ ನಡುವೆ. ಎರಡರ ತತ್ತ್ವವೂ ಒಂದೇ, ಮರೆಯುವ ಹೊತ್ತಿಗೆ ಪದವನ್ನು ಮತ್ತೆ ಕೇಳುವುದು. ಡಬ್ಬದ ಕ್ರಮವನ್ನು ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನ್‌ನಲ್ಲಿಯೇ ಬರೆದು ಪ್ರಚಾರಕ್ಕೆ ತಂದರು: ಸರಿಯಾದ ಕಾರ್ಡು ಹೆಚ್ಚು ದಿನ ಬಿಟ್ಟು ಕೇಳುವ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಾದದ್ದು ಮೊದಲನೆಯ ಖಾನೆಗೆ ಮರಳುತ್ತದೆ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಹೊರತಂದ ಆಂಕಿಯಲ್ಲಿ ಈ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಅದು ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿಗೆ ಹಣ ಕೊಡಬೇಕು. ಸಾವಿರಾರು ಪದಗಳಿದ್ದರೆ ಆಂಕಿಗೆ ಸಾಟಿಯಿಲ್ಲ, ಉಚ್ಚಾರಣೆಯ ಧ್ವನಿಯನ್ನೂ ಸೇರಿಸಬಹುದು.

ಆದರೂ ಹದಿನಾಲ್ಕು ಹದಿನೈದು ವರ್ಷದವರಿಗೆ ನಾನು ಡಬ್ಬವನ್ನೇ ಮೊದಲು ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡು ಮಾಡಿಕೊಂಡು, ಮಿಠಾಯಿ ಡಬ್ಬದಲ್ಲಿ ರಟ್ಟಿನ ಖಾನೆಗಳನ್ನು ಮಾಡುತ್ತಾರೆ. ಮುಂಬದಿಯಲ್ಲಿ ‘ಪುಸ್ತಕ’, ಹಿಂಬದಿಯಲ್ಲಿ ‘ಡಾಸ್ ಬುಖ್’, ಬಹುವಚನ ‘ಡೀ ಬ್ಯೂಷರ್’, ಮತ್ತು ಪಾಠದಿಂದಲೇ ಆಯ್ದ ಒಂದು ಚಿಕ್ಕ ವಾಕ್ಯ. ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು, ನಪುಂಸಕಕ್ಕೆ ಹಸಿರು ಶಾಯಿ. ಉತ್ತರವನ್ನು ರಫ್ ಹಾಳೆಯಲ್ಲಿ ಬರೆದ ಮೇಲೆಯೇ ಕಾರ್ಡು ತಿರುಗಿಸಬೇಕು. ಬಹುವಚನದಲ್ಲಿ ಸ್ವರದ ಮೇಲಿನ ಎರಡು ಚುಕ್ಕೆ ಬಿಟ್ಟಿದ್ದರೂ ಅದು ತಪ್ಪೇ. ಈ ಕಟ್ಟುನಿಟ್ಟು ಆಂಕಿಯಲ್ಲಿ ಸುಲಭವಾಗಿ ಸಡಿಲವಾಗುತ್ತದೆ, ಏಕೆಂದರೆ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು ‘ಗೊತ್ತಿತ್ತು’ ಎಂದು ಗುಂಡಿ ಒತ್ತಿ ಮುಂದೆ ಹೋಗಲು ಸಾಧ್ಯವಿದೆ. ಶಾಲೆಯ ಯೂನಿಟ್ ಟೆಸ್ಟಿನ ವಾರದಲ್ಲಿ ಅಭ್ಯಾಸ ನಿಲ್ಲಿಸಿದರೆ ಬಾಕಿ ಕಾರ್ಡುಗಳ ಸಂಖ್ಯೆ ಪರದೆಯ ಮೇಲೆ ಬೆಳೆದು ಮಕ್ಕಳು ಕೈಚೆಲ್ಲುವುದನ್ನೂ ಕಂಡಿದ್ದೇನೆ. ಫೋನು ಅಪ್ಪ ಅಮ್ಮಂದಿರ ಕೈಯಲ್ಲಿರುವ ಮನೆಗಳಲ್ಲಂತೂ ಅಭ್ಯಾಸಕ್ಕೆ ನಿಯತ ಹೊತ್ತು ಸಿಗುವುದೇ ಕಷ್ಟ.

ಡಬ್ಬಕ್ಕೂ ಮಿತಿಯಿದೆ. ಕಾರ್ಡು ಬರೆಯಲು ಸಮಯ ಹಿಡಿಯುತ್ತದೆ, ಉಚ್ಚಾರಣೆ ತಿದ್ದಲು ಯಾರಾದರೂ ಬೇಕು, ಕೆಲವು ನೂರು ಕಾರ್ಡು ದಾಟಿದ ಮೇಲೆ ಖಾನೆಗಳ ನಿರ್ವಹಣೆ ಭಾರವಾಗುತ್ತದೆ. ಹನ್ನೊಂದನೆಯ ತರಗತಿಯಲ್ಲೂ ಜರ್ಮನ್ ಮುಂದುವರಿಸುವವರು, ಅಥವಾ ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಬಿ1 ಎಂಬ ಮಧ್ಯಮ ಹಂತದ ಪರೀಕ್ಷೆಗೆ ಕೂರಬೇಕೆಂದಿರುವವರು ಆ ಹಂತದಲ್ಲಿ ಆಂಕಿಗೆ ಹೋಗುವುದು ಸೂಕ್ತ. ಬರೆದೇ ಉತ್ತರಿಸುವ ಶಿಸ್ತು ಅಷ್ಟರಲ್ಲಿ ಅವರಿಗೆ ಬಂದಿರುತ್ತದೆ. ಹತ್ತನೆಯ ತರಗತಿಯವರು ದಿನಕ್ಕೆ ಎಂಟು ಹತ್ತು ಹೊಸ ಕಾರ್ಡಿಗಿಂತ ಹೆಚ್ಚು ಸೇರಿಸದೆ, ಡಿಸೆಂಬರ್ ಕೊನೆಗೆ ಹೊಸದನ್ನು ನಿಲ್ಲಿಸಿ, ಜನವರಿಯಿಡೀ ಮೊದಲ ಎರಡು ಖಾನೆಗಳನ್ನು ಖಾಲಿ ಮಾಡುವುದಕ್ಕೆ ಮೀಸಲಿಡಲಿ.